ಅಗ್ನಿಸಿಂಹದ ಬಾಣಂತನ

ನನಗೆ ಕೋಪ ಜಾಸ್ತಿ ಎಂದು ನಮ್ಮ ಮನೆಯಲ್ಲಿ ಹೇಳುತ್ತಾರೆ. ಹಾಗೆ ಹೇಳುತ್ತಾರಲ್ಲ, ಅದಕ್ಕೇ ನನಗೆ ಅರ್ಧ ಕೋಪ ಬರುವುದು. ಉಳಿದರ್ಧ ನನ್ನ ಕಾದಂಬರಿಯಿಂದ. ಆಫೀಸು ಮುಗಿಸಿ, ಸಾರಕ್ಕಿ ಸಿಗ್ನಲ್ಲಿನಲ್ಲಿ ಹೊಗೆ ಕುಡಿದು ಮನೆ ಸೇರಿ, ವರ್ಷಗಟ್ಟಲೆ ಕೂತು ನಾನೊಂದು ಮಾಯಾಲೋಕ ಕಟ್ಟಿದ್ದೇನೆ. ಅಲ್ಲಿ ಅಗ್ನಿಸಿಂಹಗಳಿವೆ. ರೆಕ್ಕೆಯೂ ಉಂಟು, ಬಾಯಲ್ಲಿ ಬೆಂಕಿಯೂ ಉಂಟು. ಮಾಂತ್ರಿಕ ಮಂತ್ರ ಹೇಳಿದರೆ ಹೋಮಕುಂಡದಿಂದ ಮರಿ ಚಂಗನೆ ನೆಗೆಯುತ್ತದೆ. ಕೊನೆಯ ಅಗ್ನಿಸಿಂಹ ಸತ್ತಾಗ ರಾಜ್ಯವೇ ಗೋಳಾಡುತ್ತದೆ. ಬರೆಯುವಾಗ ನಾನೂ ಅತ್ತಿದ್ದೆ. ಸೋಮವಾರ ಹಸ್ತಪ್ರತಿ ತರದಿದ್ದರೆ ಈ ವರ್ಷ ಪುಸ್ತಕ ಇಲ್ಲ ಎಂದಿದ್ದರು ಪ್ರಕಾಶಕರು. ಶನಿವಾರ ಬುದ್ಧಿಗೇಡಿಯ ಹಾಗೆ ಅದನ್ನು ಹೆಂಡತಿ ವಸುಧಾಳ ಕೈಗೆ ಕೊಟ್ಟೆ. ಅವಳು ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಪಾಠ ಮಾಡುತ್ತಾಳೆ.

“ರೀ, ಮಂತ್ರ ಹೇಳಿದ್ರೆ ಮರಿ ಹುಟ್ಟುತ್ತೆ ಅಂತೀರಾ. ಮತ್ತೆ ಕೊನೇದು ಸತ್ತಾಗ ಯಾಕೆ ಎಲ್ಲರೂ ಅಳ್ತಾರೆ? ಇನ್ನೊಂದ್ಸಲ ಹೇಳಿದ್ರಾಯ್ತಲ್ಲ” ಎಂದಳು.

ಮೈಯೆಲ್ಲ ಉರಿದುಹೋಯಿತು. ತಪ್ಪು ಹೇಳಿದ್ದರೆ ಸಹಿಸಿಕೊಳ್ಳುತ್ತಿದ್ದೆ, ಸರಿಯಾಗಿ ಹೇಳಿದ್ದಳು. ನಮ್ಮಜ್ಜಿಯ ಕಥೆಗಳಲ್ಲಿ ಋಷಿ ಮಾವಿನಹಣ್ಣು ಕೊಡುತ್ತಿದ್ದ, ರಾಣಿ ತಿನ್ನುತ್ತಿದ್ದಳು, ರಾಜಕುಮಾರ ಹುಟ್ಟುತ್ತಿದ್ದ. ಅದು ಹೇಗೆ ಎಂದು ಕೇಳಿದವರ ಬೆನ್ನಿಗೆ ಏಟು ಬೀಳುತ್ತಿತ್ತು. ಆ ಕಾಲ ಹೋಯಿತು. ಹಲ್ಲು ಕಚ್ಚಿಕೊಂಡು ತಿದ್ದಿದೆ: ಹುಟ್ಟಿಸುವ ಶಕ್ತಿ ಮಂತ್ರಕ್ಕಿಲ್ಲ, ಅಗ್ನಿಸಿಂಹಗಳೂ ಬಸುರಾಗಿಯೇ ಹೆರಬೇಕು.

ಪಕ್ಕದಲ್ಲೇ ಅವರೆಕಾಳು ಹಿಸುಕುತ್ತ ಕೂತಿದ್ದ ನಮ್ಮತ್ತೆ ತಲೆ ಎತ್ತಿದರು. “ತಪ್ಪು ತಿಳ್ಕೋಬೇಡಿ ಅಳಿಯಂದ್ರೇ. ಹೊಟ್ಟೇಲಿ ಬೆಂಕಿ ಇಟ್ಕೊಂಡು ಬಸುರಿಯಾದ್ರೆ ಮಗು ಬೆಂದುಹೋಗಲ್ವೇ?”

“ಮೊಟ್ಟೆ ಇಡುತ್ತೆ ಬಿಡಿ ಅತ್ತೆ.”

“ಅದು ಇನ್ನೂ ಬೇಗ ಬೇಯುತ್ತಂತಲ್ಲ” ಎಂದರು, ಹುಟ್ಟಿದಾಗಿನಿಂದ ಮೊಟ್ಟೆ ಮುಟ್ಟದ ನಮ್ಮತ್ತೆ.

ಸರಿ, ಬಸುರಿಯಾದೊಡನೆ ಬೆಂಕಿ ಆರಿಹೋಗುತ್ತದೆ ಎಂದು ಬರೆದೆ. ಹೆತ್ತ ಮರುದಿನ ಬೆಂಕಿ ಮರಳುತ್ತದೆ, ತಾಯಿ ಯುದ್ಧಕ್ಕೆ ಹಾರುತ್ತದೆ ಎಂದು ಜೋರಾಗಿ ಓದಿದೆ. ಅತ್ತೆಯ ಕೈ ನಿಂತಿತು. “ಹಸಿ ಬಾಣಂತಿ ಯುದ್ಧಕ್ಕಾ? ಅಷ್ಟೆತ್ತರ ಹಾರಿದ್ರೆ ಕಿವಿಗೆ ಗಾಳಿ ಹೋಗಲ್ವೇ? ಮೂರು ತಿಂಗಳು ಬಾಣಂತನ ಮಾಡ್ಸಿ. ಯುದ್ಧ ಎಲ್ಲಿಗ್ ಹೋಗುತ್ತೆ.”

“ಅತ್ತೆ, ಅದು ಸಿಂಹ” ಎಂದು ಕೂಗಿಯೇಬಿಟ್ಟೆ.

“ಸಿಂಹ ಆದ್ರೇನು, ಹೆತ್ತಿರೋದು ಹೆತ್ತಿರೋದೇ.”

ಪೆನ್ನು ಎಸೆದೆ, ಅದು ಅವರೆಕಾಳಿನ ಬೋಗುಣಿಗೆ ಬಿತ್ತು. ಭಾನುವಾರ ಯಾರೊಂದಿಗೂ ಮಾತಾಡದೆ ತಿದ್ದಿದೆ. ಬಾಣಂತಿ ಅಗ್ನಿಸಿಂಹ ಕಿವಿಗೆ ಹತ್ತಿ ಇಟ್ಟುಕೊಂಡು, ಸಾಂಬ್ರಾಣಿ ಹೊಗೆಯಲ್ಲಿ ತವರುಗುಹೆಯಲ್ಲಿ ಮಲಗಿತು. ಮೂರು ತಿಂಗಳು ಅದರ ಬಾಯಲ್ಲಿ ಬೆಂಕಿಯಿಲ್ಲ, ಮಂತ್ರ ನಾಟುವುದಿಲ್ಲ, ಗಡಿಯಲ್ಲಿ ಶತ್ರುಸೈನ್ಯ. ಹಾಳಾದ್ದು, ಆ ರಾಜ್ಯಕ್ಕೆ ಈಗ ನಿಜವಾಗಿಯೂ ಭಯವಾಗತೊಡಗಿತು, ನನಗೂ ಆಯಿತು. ಕಾದಂಬರಿ ಚೆನ್ನಾಗಿದೆ ಎಂದು ಒಪ್ಪಿಕೊಳ್ಳಬೇಕಾಗಿ ಬಂದದ್ದಕ್ಕೆ ಮತ್ತೊಂದು ಸುತ್ತು ಸಿಟ್ಟು ಬಂತು.

ಸಂಜೆ ವಸುಧಾ ಕೊನೆಯ ಪುಟದವರೆಗೆ ಓದಿದಳು. “ಈಗ ನಂಬೋ ಹಾಗಿದೆ. ನಾಳೆ ಕೊಟ್ಟುಬಿಡಿ” ಎಂದವಳು, ಒಂದು ಪುಟ ಹಿಂದೆ ತಿರುವಿದಳು. “ಈ ಮೂರು ತಿಂಗಳು ಗಂಡು ಸಿಂಹ ಏನ್ಮಾಡ್ತಿರುತ್ತೆ?”

“ಬೆಟ್ಟದ ತುದೀಲಿ ಕೂತು ಬೆಂಕಿ ಉಗುಳ್ತಿರುತ್ತೆ.”

“ಯಾರ ಮೇಲೆ?”

ನಾನು ಅದನ್ನು ಯೋಚಿಸಿರಲಿಲ್ಲ. “ಯಾರ ಮೇಲೂ ಅಲ್ಲ. ಸುಮ್ಮನೆ” ಎಂದೆ.

ತಾಯಿ ಮಗಳು ಮುಖ ಮುಖ ನೋಡಿಕೊಂಡರು. “ಅದೊಂದು ಮಾತ್ರ ಬದಲಾಯಿಸ್ಬೇಡಿ ಅಳಿಯಂದ್ರೇ” ಎಂದರು ಅತ್ತೆ. “ಕಣ್ಣಾರೆ ಕಂಡ ಹಾಗೇ ಇದೆ.”