ಚಿರತೆಯ ಹೆಚ್ಚುವರಿ ಕಿವಿ

ಹಾರುತ್ತಿದ್ದ ಕೊಕ್ಕರೆಯನ್ನು ಚಿರತೆಯೊಂದು ನೆಗೆದು ಗಾಳಿಯಲ್ಲೇ ಹಿಡಿದ ಚಿತ್ರವು ಮೂರು ದಿನಗಳಲ್ಲಿ ಹನ್ನೆರಡು ಲಕ್ಷ ಮೊಬೈಲುಗಳನ್ನು ತಲುಪಿದ ಕಾರಣ, ಅದು ಅಸಲಿಯೋ ನಕಲಿಯೋ ಎಂದು ತೀರ್ಮಾನಿಸಲು ಅರಣ್ಯ ಕಚೇರಿಯಲ್ಲಿ ಮೂವರ ಸಮಿತಿಯನ್ನು ರಚಿಸಲಾಯಿತು. ಚಿತ್ರ ತೆಗೆದವನು ಅದೇ ಕಚೇರಿಯ ಗಾರ್ಡ್. ನಕಲಿ ಎಂದಾದರೆ ಅವನನ್ನು ಕೆಲಸದಿಂದ ತೆಗೆಯತಕ್ಕದ್ದು ಎಂದು ಆದೇಶದ ಎರಡನೇ ಸಾಲಿನಲ್ಲೇ ಇತ್ತು. ಇಪ್ಪತ್ತೆರಡು ವರ್ಷ ಕಾಡು ಸುತ್ತಿದ ಆಸಾಮಿ, ಪಾಪ, ಅದನ್ನು ಓದಿ ಬೆವೆತುಹೋದ.

ಸಮಿತಿಯ ಮೂವರಲ್ಲಿ ಯಾರೂ ಕಾಡಿನಲ್ಲಿ ಚಿರತೆ ಕಂಡವರಲ್ಲ. ಅವರ ನಿಷ್ಪಕ್ಷಪಾತತೆಗೆ ಇದೇ ಸಾಕ್ಷಿ ಎಂದು ಮೇಲಧಿಕಾರಿಗಳು ಮೆಚ್ಚಿಕೊಂಡರು. ನಿಯಮ ಏಳರ ಪ್ರಕಾರ ಯಾವುದೇ ಪ್ರಾಣಿಯ ಚಿತ್ರವನ್ನು ಕಚೇರಿಯ ದೃಢೀಕೃತ ಮಾದರಿಯೊಂದಿಗೆ ಹೋಲಿಸಬೇಕು. ಮಾದರಿ ಎಂದರೆ, ಮೆಟ್ಟಿಲ ಕೆಳಗೆ ಮೂವತ್ತು ವರ್ಷದಿಂದ ನಿಂತಿರುವ, ಹೊಟ್ಟೆಗೆ ಹುಲ್ಲು ತುಂಬಿದ ಚಿರತೆ. ಅದರ ಎಡಗಿವಿಯನ್ನು ಇಲಿ ತಿಂದು ಬಹಳ ಕಾಲವಾಗಿದೆ.

ಅಧ್ಯಕ್ಷರು ಭೂತಗನ್ನಡಿ ಹಿಡಿದು ಒಂದು ಗಂಟೆ ಹೋಲಿಸಿ ನೋಡಿದರು.

"ಏನಯ್ಯಾ, ನಿನ್ನ ಚಿರತೆಗೆ ಒಂದು ಕಿವಿ ಜಾಸ್ತಿ ಇದೆಯಲ್ಲ?"

"ಸಾರ್, ಚಿರತೆಗೆ ಎರಡು ಕಿವಿ ಇರುತ್ತೆ."

"ಅದಕ್ಕೆ ದಾಖಲೆ ಇದೆಯಾ?"

ಗಾರ್ಡ್ ಬಳಿ ದಾಖಲೆ ಇರಲಿಲ್ಲ. "ಫೋಟೋ ತೆಗೆದ ಹಳ್ಳದ ಹತ್ರ ಬನ್ನಿ ಸಾರ್, ಕಣ್ಣಾರೆ ತೋರಿಸ್ತೀನಿ" ಎಂದು ಅಂಗಲಾಚಿದ.

ಮಾದರಿಯನ್ನು ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ಸಮಿತಿ ಜೀಪಿನಲ್ಲಿ ಸ್ಥಳ ಪರಿಶೀಲನೆಗೆ ಹೊರಟಿತು. ಹಳ್ಳದಲ್ಲಿ ಚಿರತೆ ನೀರು ಕುಡಿಯುತ್ತಿತ್ತು. ಅಧ್ಯಕ್ಷರು ಅದನ್ನೊಮ್ಮೆ, ಹಿಂದಿನ ಸೀಟನ್ನೊಮ್ಮೆ ನೋಡಿ, "ಇದೂ ನಕಲಿ" ಎಂದರು. ಚಿರತೆ ತಲೆಯೆತ್ತಿ ಗುರ್ರೆಂದಿತು. ಮೂವರೂ ಗಾಜು ಏರಿಸಿ ಅಲ್ಲೇ ವರದಿಗೆ ಸಹಿ ಹಾಕಿದರು. ನಿಂತ ಜೀಪಿನಲ್ಲಿ ಹಾಕಿದ ಆ ಸಹಿಗಳು ನಡುಗಿರುವುದಕ್ಕೆ ರಸ್ತೆ ಸರಿಯಿಲ್ಲದಿರುವುದೇ ಕಾರಣ ಎಂದು ಷರಾ ಬರೆಯಲಾಗಿದೆ.

ವರದಿ ಹೀಗಿತ್ತು: "ಚಿತ್ರವು ಅಸಲಿ, ಅದರಲ್ಲಿರುವ ಚಿರತೆ ಮಾತ್ರ ನಕಲಿ. ನಕಲಿಯನ್ನು ಇದ್ದದ್ದು ಇದ್ದಂತೆ ಸೆರೆಹಿಡಿದ ಗಾರ್ಡ್‌ನದು ಯಾವ ತಪ್ಪೂ ಇಲ್ಲ. ಸದರಿ ನಕಲಿ ಚಿರತೆಯ ಓಡಾಟವನ್ನು ಆತ ಇನ್ನು ಮುಂದೆ ಪ್ರತಿದಿನ ಪುಸ್ತಕದಲ್ಲಿ ಬರೆಯತಕ್ಕದ್ದು."

ಸಂಜೆ ಮನೆಯಲ್ಲಿ ಹೆಂಡತಿ ಕೇಳಿದಳು: "ಹಾಗಾದ್ರೆ ನೀವು ನೋಡಿದ್ದು ಚಿರತೆ ಅಲ್ವಾ?"

"ಅಲ್ಲ ಕಣೇ. ಆದೇಶ ಬಂದಿದೆ."

"ಕೆಲಸ?"

"ಉಳೀತು."

ಇಬ್ಬರಿಗೂ ಹೋದ ಜೀವ ಬಂದಂತಾಗಿತ್ತು. ಅಷ್ಟರಲ್ಲಿ ಹಿತ್ತಲಲ್ಲಿ ಕೋಳಿಗಳು ಒಮ್ಮೆಲೇ ಕೂಗಿಕೊಂಡು, ಒಮ್ಮೆಲೇ ಸುಮ್ಮನಾದವು. ಅವಳು ಓಡಿಹೋಗಿ ಬಾಗಿಲ ಚಿಲಕ ಹಾಕಿ ಬಂದಳು. ಗಾರ್ಡ್ ಕಿಟಕಿಯಿಂದ ಇಣುಕಿ ನೋಡಿ, ಪುಸ್ತಕ ತೆರೆದು, ಐದೂವರೆಗೆ ನಕಲಿ ಚಿರತೆ ಒಂದು ಕೋಳಿ ಒಯ್ಯಿತು ಎಂದು ಬರೆದ.

"ಕೋಳಿ ಅಸಲಿ ಅಂತಾನೂ ಬರೀರಿ" ಎಂದಳು ಹೆಂಡತಿ.

"ಅದನ್ನ ನಾನು ಹೇಳೋ ಹಾಗಿಲ್ಲ ಕಣೇ, ಸಮಿತಿ ಕೂರಬೇಕು."

ಅದೂ ನಿಜವೇ ಎಂದು ಅವಳು ತಲೆಯಾಡಿಸಿದಳು.