ಡಬ್ಬಿಯಲ್ಲಿ ಬಚ್ಚಿಟ್ಟ ಹುಗ್ಗಿ

ಸತ್ತಿ ಊರಿನ ರಾವಸಾಹೇಬರಿಗೆ ಡಾಕ್ಟರು ಸಿಹಿ ಬಿಡಿಸಿದ ಮೇಲೆ ಕನಸುಗಳೆಲ್ಲ ಸಿಹಿಯಾಗಿಬಿಟ್ಟವು. ಕಣ್ಣು ಮುಚ್ಚಿದರೆ ಸಾಕು, ಕೃಷ್ಣಾ ನದಿಯ ತುಂಬ ಗೋಧಿ ಹುಗ್ಗಿ ಹರಿಯುತ್ತಿತ್ತು, ದೋಣಿಯಲ್ಲಿ ಇವರೊಬ್ಬರೇ, ಕೈಯಲ್ಲಿ ಹುಟ್ಟಿನ ಬದಲು ಚಮಚ. ಕಣ್ಣು ತೆರೆದರೆ ಎದುರಿಗೆ ಹೆಂಡತಿ ಶಿವಗಂಗವ್ವ ಮತ್ತು ಹಾಗಲಕಾಯಿ ಪಲ್ಯ. ಎಕರೆಗಟ್ಟಲೆ ಕಬ್ಬು ಬೆಳೆಯುವ ಗಂಡಸಿಗೆ ಚಹಾಕ್ಕೂ ಸಕ್ಕರೆ ಇಲ್ಲವೆಂದರೆ ಇದ್ಯಾವ ನ್ಯಾಯ ಹೇಳಿ!

ಹೀಗಿರುವಾಗ ಒಂದು ಬೆಳಗ್ಗೆ ಹಿತ್ತಲಿನಿಂದ ಬೇಯುವ ಗೋಧಿ, ಬೆಲ್ಲ, ಒಣಶುಂಠಿಯ ಘಮ ತೇಲಿಬಂತು. ರಾವಸಾಹೇಬರು ಅರೆಗಣ್ಣಿನಲ್ಲೇ ಅದರ ಬೆನ್ನು ಹತ್ತಿದರು. ಕೊಟ್ಟಿಗೆಯಲ್ಲಿ ಮೊನ್ನೆ ಈದ ಎಮ್ಮೆ ಕುತ್ತಿಗೆ ಚಾಚಿ ಒದರಿತು. ಯಾರು ಕೇಳಬೇಕು! ಒಲೆಯ ಮೇಲೆ ಪಾತೇಲಿ ಕುದಿಯುತ್ತಿತ್ತು, ಹತ್ತಿರ ಯಾರೂ ಇರಲಿಲ್ಲ. ‘ಇಕೀ ತವರಿನವರು ಬರ್ತಿರಬೇಕು, ಅವರಿಗ ಹುಗ್ಗಿ, ನನಗ ಹಾಗಲಕಾಯಿ’ ಎಂದು ಅವರ ಹೊಟ್ಟೆ ಉರಿಯಿತು. ಪಾತೇಲಿಯ ತಳ ಕಾಣುವಂತೆ ಎಲ್ಲವನ್ನೂ ಸ್ಟೀಲ್ ಡಬ್ಬಿಗೆ ಸುರಿದು, ಬಿಸಿಯಿರುವಾಗಲೇ ಮುಚ್ಚಳ ಒತ್ತಿ, ತೊಟ್ಟಿಯ ತಣ್ಣೀರಿನಲ್ಲಿ ಮುಳುಗಿಸಿ ಮೇಲೊಂದು ಕಲ್ಲು ಹೇರಿದರು. (ಇಷ್ಟು ಚುರುಕು ಹೊಲದಲ್ಲಿ ಎಂದೂ ತೋರಿಸಿದವರಲ್ಲ.)

ಮಧ್ಯಾಹ್ನ ಶಿವಗಂಗವ್ವ ನೆರೆಮನೆಗೆ ಹೋದದ್ದೇ ತಡ, ಡಬ್ಬಿ ಹೊರಗೆ ಬಂತು. ಮುಚ್ಚಳ ಮಾತ್ರ ಜಪ್ಪಯ್ಯ ಅಂದರೂ ಅಲುಗಲಿಲ್ಲ. ಉಗುರು ಮುರಿಯಿತು, ಚಮಚ ಬಾಗಿತು. ಮೊಣಕಾಲ ನಡುವೆ ಸಿಕ್ಕಿಸಿಕೊಂಡು ಕುಸ್ತಿಯನ್ನೂ ಹಿಡಿದರು. ಕೊನೆಗೆ ಚಿಕ್ಕೋಡಿಯಲ್ಲಿ ವಿಜ್ಞಾನ ಓದುವ ಮಗಳು ಸ್ನೇಹಲಳಿಗೆ ಫೋನ್ ಹಚ್ಚಿದರು.

“ಬಿಸೀದ ಮುಚ್ಚೀರೇನ್ ಅಪ್ಪಾ? ಒಳಗಿನ ಗಾಳಿ, ಉಗಿ ತಣ್ಣಗಾದ್ರ ಒತ್ತಡ ಇಳೀತೈತಿ. ಹೊರಗಿನ ಗಾಳಿ ಮುಚ್ಚಳಾ ಒತ್ತಿ ಹಿಡೀತೈತಿ. ಸ್ವಲ್ಪ ಬಿಸಿನೀರಾಗ ಇಡ್ರಿ, ಒಳಗ ಒತ್ತಡ ಏರಿ ತಾನ ಸಡಲ ಆಗತೈತಿ. ಏನೈತಿ ಡಬ್ಬ್ಯಾಗ?”

“ಏನಿಲ್ಲವ್ವಾ, ಮೊಳಿ.”

“ಮೊಳಿ ಬಿಸಿ ಮಾಡಿ ಹಾಕೀರಿ?”

ರಾವಸಾಹೇಬರು ಫೋನ್ ಇಟ್ಟುಬಿಟ್ಟರು. ಬಿಸಿನೀರಿಗೇ ಸಡಿಲಾಗುವುದಾದರೆ ಗ್ಯಾಸ್ ಒಲೆಗೆ ಇನ್ನೂ ಬೇಗ ಆಗಬೇಕಲ್ಲ! ಉರಿಯ ಮೇಲೆ ಡಬ್ಬಿ ಇಟ್ಟು, ಅಡುಗೆಮನೆಯ ಹೊಸ್ತಿಲಾಚೆ ಗೋಡೆಗೊರಗಿ ಕೂತರು. ಕಣ್ಣು ತಾನಾಗಿ ಮುಚ್ಚಿತು. ನದಿ, ದೋಣಿ, ಚಮಚ ಎಲ್ಲ ಬಂದವು. ದಡದಲ್ಲಿ ಶಿವಗಂಗವ್ವ ತುಪ್ಪದ ಗಿಂಡಿ ಹಿಡಿದು, “ಇನ್ನೊಂದೀಟು ಹಾಕ್ಲೇನ್ರಿ?” ಎಂದು ನಗುತ್ತಿದ್ದಳು.

ಢಂ!

ಮುಚ್ಚಳ ಮಾಳಿಗೆಗೆ ಬಡಿಯಿತು. ಅದರ ಹಿಂದೆಯೇ ಹುಗ್ಗಿಯೂ ಹೋಯಿತು. ದೇವರು ದೊಡ್ಡವನು, ಹೊಸ್ತಿಲಾಚೆ ಕೂತ ರಾವಸಾಹೇಬರ ಪಾಲಿಗೆ ಬಂದದ್ದು ಮೀಸೆಯ ಮೇಲೆ ಒಂದು ತೊಟ್ಟು. ನಾಲಿಗೆ ಚಾಚಿ ಅದನ್ನು ನೆಕ್ಕಿದರು. ಸ್ವರ್ಗ!

ಸದ್ದಿಗೆ ಓಡಿಬಂದ ಶಿವಗಂಗವ್ವ ಬಾಗಿಲಲ್ಲೇ ನಿಂತಳು. “ಏನ್ರೀ ಇದು?”

“ಸಿಟ್ಟಾಗಬ್ಯಾಡ. ನಿನ್ನ ಕೈಗೆ ಬಂಗಾರದ ಬಳಿ ಹಾಕಬೇಕು ನೋಡು! ಇಂಥಾ ಹುಗ್ಗಿ ನಮ್ಮವ್ವನೂ ಮಾಡಿರಲಿಲ್ಲ.”

“ಹುಗ್ಗೀನ?” ಶಿವಗಂಗವ್ವ ಹಣೆ ಬಡಿದುಕೊಂಡಳು. “ಅಯ್ಯ ನನ್ನ ಕರ್ಮ! ಈದ ಎಮ್ಮಿಗೆ ಹಾಲು ಇಳೀಲಿ ಅಂತ ಕುದಿಸಿದ್ದರಿ ಅದು. ನಾಯಿ ತಿಂದೈತಿ ಅಂತ ಮುಂಜಾನಿಂದ ಪಾಪ ಅದಕ್ಕ ಬೈಯಾಕತ್ತೀನಿ!”

ರಾವಸಾಹೇಬರ ನಾಲಿಗೆ ಮೀಸೆಯ ಮೇಲೇ ನಿಂತಿತು. ಕೊಟ್ಟಿಗೆಯಿಂದ ಎಮ್ಮೆ ಇನ್ನೊಮ್ಮೆ ಒದರಿತು. ಶಿವಗಂಗವ್ವ ಹಾಲು ಹಿಂಡುವ ಚರಿಗೆ ತಂದು ಅವರ ಮುಂದೆ ಕುಕ್ಕಿದಳು.

“ಎಮ್ಮಿ ಪಾಲು ನೀವು ತಿಂದೀರಿ. ಹೇಳ್ರಿ ಈಗ, ಸಂಜೀಕ ಚರಿಗಿ ಹಿಡ್ಕೊಂಡು ಅದರ ಕಡೆ ಕೂಡ್ಲೋ, ನಿಮ್ಮ ಕಡೆ ಕೂಡ್ಲೋ?”