ಹಬ್ಬ ಬಂತು, ಕ್ಲಿಪ್ಪು ಬಿತ್ತು

ಹಬ್ಬದ ಮರುದಿನ ಬೇರೆ ಯಾರಾದರೂ ಬಾಗಿಲು ತಡವಾಗಿ ತೆಗೆಯಬಹುದು, ಹಲ್ಲಿಗೆ ಕ್ಲಿಪ್ಪು ಹಾಕುವ ಡಾಕ್ಟರು ಮಾತ್ರ ಹಾಗೆ ಮಾಡುವಂತಿಲ್ಲ. ನಾನು ಬೀಗದ ಕೈ ಹಿಡಿದು ಬರುವಷ್ಟರಲ್ಲಿ ಮೆಟ್ಟಿಲ ಮೇಲೆ ನಾಲ್ಕಾರು ಜನ ಬಾಯಿಗೆ ಕರ್ಚೀಫು ಒತ್ತಿಕೊಂಡು ಕೂತಿರುತ್ತಾರೆ. ನನ್ನ ಕ್ಲಿನಿಕ್ಕು ಇರುವುದು ನಂಜನಗೂಡಿನಲ್ಲಿ. ಬುಧವಾರ ಮಾತ್ರ ಟಿ. ನರಸೀಪುರಕ್ಕೆ ಹೋಗುತ್ತೇನೆ. ಉಬ್ಬುಹಲ್ಲು, ಸೊಟ್ಟಹಲ್ಲುಗಳಿಗೆ ಬ್ರಾಕೆಟ್ ಎಂಬ ಲೋಹದ ಚೂರುಗಳನ್ನು ಅಂಟಿಸಿ, ಮೇಲೆ ತಂತಿ ಎಳೆದು, ತಿಂಗಳು ತಿಂಗಳು ಬಿಗಿ ಮಾಡುತ್ತಾ ಸಾಲಿಗೆ ತರುವುದು ನನ್ನ ಕಸುಬು. ಈ ಎಲ್ಲ ಸಾಮಾನಿಗೂ ನಮ್ಮ ಕಡೆ ಒಂದೇ ಹೆಸರು, ಕ್ಲಿಪ್ಪು.

ಒಂದು ಬ್ರಾಕೆಟ್ ಬಿತ್ತೆಂದರೆ ಆ ಹಲ್ಲು ತವರುಮನೆ ನೆನಪಾದಂತೆ ಹಳೆಯ ಜಾಗಕ್ಕೆ ಹೊರಟುಬಿಡುತ್ತದೆ. ನನ್ನ ಕೆಲಸ ತಿಂಗಳುಗಟ್ಟಲೆ ಹಿಂದಕ್ಕೆ ಹೋಗುತ್ತದೆ. ಬೀಳಿಸಿದ್ದು ಕೊಬ್ಬರಿ ಮಿಠಾಯಿ ಅಂತ ಇವತ್ತಿನವರೆಗೆ ಯಾರೂ ಒಪ್ಪಿಲ್ಲ. "ಡಾಕ್ಟ್ರಮ್ಮನ ಅಂಟು ಸರಿ ಇಲ್ಲ" ಅನ್ನುತ್ತಾರೆ. ಊರಲ್ಲಿ ನನ್ನ ಹೆಸರು ನಿಂತಿರುವುದೇ ಆ ಅಂಟಿನ ಮೇಲೆ. ಹೀಗಾಗಿ ಗೌರಿ ಹಬ್ಬದಿಂದ ಶುರುವಾಗಿ ಊರೆಲ್ಲ ಸಿಹಿ ತಿನ್ನುತ್ತದೆ, ನಾನು ಬೈಗುಳ ತಿನ್ನುತ್ತೇನೆ.

೧. ಮೆತ್ತಗೆ

ಹುಲ್ಲಹಳ್ಳಿ ರೂಟಿನ ಒಬ್ಬ ಕಂಡಕ್ಟರು ನನ್ನ ಪೇಷಂಟು. ಮದುವೆಯಾಗಿ, ಮಕ್ಕಳಾಗಿ, ಮಕ್ಕಳಿಗೂ ಹಲ್ಲು ಬಂದ ಮೇಲೆ ತನ್ನ ಹಲ್ಲು ನೆಟ್ಟಗಾಗಬೇಕು ಅನ್ನಿಸಿ ಬಂದವರು. ಗೌರಿ ಹಬ್ಬದ ಹಿಂದಿನ ದಿನ ಕ್ಲಿನಿಕ್ಕಿನಲ್ಲಿ ನೂಕುನುಗ್ಗಲು. ಅವರ ತಂತಿ ಬಿಗಿ ಮಾಡಿ ಕಳಿಸುವಾಗ ಅವಸರದಲ್ಲಿ, "ಹಬ್ಬ ಬಂತು, ಏನೇ ತಿಂದ್ರೂ ಮೆತ್ತಗೆ ತಿನ್ನಿ" ಅಂದೆ. ಕಡುಬು, ಒಬ್ಬಟ್ಟು, ರಸಬಾಳೆಹಣ್ಣು, ಇಂಥ ಮೆತ್ತನೆಯದು ತಿನ್ನಲಿ ಅನ್ನುವುದು ನನ್ನ ಮನಸ್ಸಿನಲ್ಲಿದ್ದದ್ದು. ಅವರೂ ತುಂಬ ಭಕ್ತಿಯಿಂದ ತಲೆ ಆಡಿಸಿ ಹೋದರು.

ಹಬ್ಬ ಕಳೆದು ಬಂದಾಗ ಮೇಲಿನ ಸಾಲಿನಲ್ಲಿ ಎರಡು ಬ್ರಾಕೆಟ್ ಇಲ್ಲ.

"ಏನು ತಿಂದ್ರಿ?"

"ಕಡ್ಲೆಮಿಠಾಯಿ."

"ಅದು ಕಲ್ಲು ಕಣ್ರೀ. ಮೆತ್ತಗೆ ತಿನ್ನಿ ಅಂತ ಹೇಳಿರಲಿಲ್ವಾ?"

ಕಂಡಕ್ಟರಿಗೆ ಬೇಜಾರಾಯಿತು. "ಮೆತ್ತಗೇ ತಿಂದೆ ಮೇಡಮ್ಮೋರೆ. ಉಲ್ಲಳ್ಳಿ ಸ್ಟ್ಯಾಂಡಲ್ಲಿ ಬಾಯಿಗೆ ಆಕಂಡಿದ್ದು, ನಂಜನಗೂಡು ಬರೋಗಂಟ ಅದೊಂದೇ ಮಿಠಾಯಿ. ದಾರೀಲಿ ಒಂದು ಸೀಟಿ ಊದ್ನಿಲ್ಲ. ಬಾಗ್ಲು ತಟ್ಟಿ ತಟ್ಟೇ ಗಾಡಿ ಬುಡುಸ್ದೆ."

ನಮ್ಮ ಕಡೆ ಮೆತ್ತಗೆ ಅಂದರೆ ನಿಧಾನವಾಗಿ ಅಂತಲೂ ಆಗುತ್ತದೆ. ಅದು ನನಗೆ ಹೊಳೆಯುವಷ್ಟರಲ್ಲಿ ಅವರು ಕುರ್ಚಿಯಲ್ಲಿ ಒರಗಿ ಬಾಯಿ ತೆರೆದಾಗಿತ್ತು. ಮತ್ತೆ ಏನೋ ನೆನಪಾಗಿ ಬಾಯಿ ಮುಚ್ಚಿ ಎದ್ದು ಕೂತರು.

"ಇದ್ಕಿಂತ ಮೆತ್ತಗೆ ತಿನ್ಬೇಕು ಅಂದ್ರೆ, ನಾನು ಬೆಂಗ್ಳೂರು ರೂಟಿಗೆ ಡ್ಯೂಟಿ ಆಕುಸ್ಕಬೇಕಾಯ್ತದೆ."

೨. ಬಾಯೊಳಗಿನ ಮಿಷಿನ್ನು

ಹೆಮ್ಮರಗಾಲದ ಹುಡುಗಿ, ಪಿಯುಸಿ ಓದುತ್ತಾಳೆ. ತಂತಿಯನ್ನು ಬ್ರಾಕೆಟ್ಟಿಗೆ ಹಿಡಿದಿಡಲು ಪುಟ್ಟ ರಬ್ಬರ್ ಉಂಗುರ ಹಾಕುತ್ತೇವೆ. ಬಣ್ಣ ಪೇಷಂಟಿನ ಇಷ್ಟ. ಆಕೆ ತನ್ನ ಚೂಡಿದಾರಕ್ಕೆ ಹೊಂದುವ ತಿಳಿನೀಲಿ ಆರಿಸಿಕೊಂಡು ಹೋಗಿದ್ದಳು. ದಸರಾ ರಜೆ ಮುಗಿಸಿ ಅಜ್ಜಿಯ ಜೊತೆ ಬಂದಾಗ ಬಾಯಿ ತೆರೆಸಿ ನೋಡಿದರೆ ಎಲ್ಲವೂ ಗಿಳಿಹಸಿರು. ನೀಲಿಯ ಮೇಲೆ ಹಳದಿ ಕೂತರೆ ಹಾಗಾಗುತ್ತದೆ. ಮುಂದಿನ ಹಲ್ಲಿನ ಹತ್ತಿರ ಒಂದು ಕೆಂಪು ಬೊಟ್ಟು ಬೇರೆ. ಪಕ್ಕದ ಬ್ರಾಕೆಟ್ ನಾಪತ್ತೆ.

"ಅರಿಶಿನ ಹಾಕಿದ ಹುಳಿ ಗಿಳಿ ಸುರಿದುಕೊಂಡ್ಯಾ?" ಅಂದೆ. ಹುಡುಗಿ ಅಜ್ಜಿಯ ಕಡೆ ನೋಡಿದಳು.

"ಆಯ್ದಪೂಜೆ ಮಾಡುದ್ವಿ ಕಣವ್ವ," ಅಂದಿತು ಅಜ್ಜಿ, ಏನೂ ಮುಚ್ಚುಮರೆ ಇಲ್ಲದೆ. "ಟ್ಯಾಕ್ಟ್ರಿಗೆ ಮಾಡುದ್ವಿ, ಪಂಪ್‌ಸೆಟ್ಟಿಗೆ ಮಾಡುದ್ವಿ, ಮಚ್ಚು ಕುಡ್ಲಿಗೂ ಅರಿಸ್ನ ಕುಂಕುಮ ಇಟ್ಟೊ. ಮಗೀನ ಬಾಯಲ್ಲಿ ಅಷ್ಟು ದೊಡ್ಡ ಮಿಷಿನ್ನು ಕುಂತದೆ, ಅದ್ಕೆ ಮಾತ್ರ ಇಕ್ದೆ ಬುಟ್ರೆ ಆದದಾ? ನಾಳೆ ಕೆಟ್ಟು ನಿಂತ್ರೆ ನೀನೇ ಅಲ್ವಾ ರಿಪೇರಿ ಮಾಡ್ಬೇಕಾದೋಳು?"

ನನ್ನ ಮೇಲಿನ ಕನಿಕರದಿಂದಲೇ ಮಾಡಿದ್ದು ಅಂದ ಮೇಲೆ ಸಿಟ್ಟು ಮಾಡುವುದು ಹೇಗೆ. "ಆಮೇಲೆ ಇನ್ನೇನು ಮಾಡಿದಿರಿ ಅಜ್ಜಿ?"

"ಚಕ್ರದಡಿ ನಿಂಬೆಅಣ್ಣು ಇಡದಿಲ್ವಾ? ಅಂಗೇ ಮಗೀನ ಅಲ್ಲಡೀಲಿ ಒಂದು ಇಟ್ಟು ಕಚ್ಚುಸ್ದೆ."

ಹುಳಿ ನೆನಪಾಗಿ ಹುಡುಗಿ ಈಗಲೂ ಕಣ್ಣು ಕಿರಿದು ಮಾಡಿಕೊಂಡಳು. ನಿಂಬೆಹಣ್ಣಿಗೆ ಬ್ರಾಕೆಟ್ ಬೀಳುವುದಿಲ್ಲ, ಅದಕ್ಕೆ ಗಟ್ಟಿ ಪದಾರ್ಥ ಬೇಕು ಅಂದೆ.

"ಬೂದುಗುಂಬಳಕಾಯಿ ಒಡೀಬೇಕಲ್ಲವ್ವ," ಅಂದಿತು ಅಜ್ಜಿ. "ಅದು ಬಾಯಿಗೆ ಇಡೀನಿಲ್ಲ. ಅದ್ರ ಬದ್ಲು ನಾನೇ ಕಟ್ಟಿದ್ದ ರವೆಉಂಡೇಲಿ ದೊಡ್ಡದು ನೋಡಿ ಕೊಟ್ಟು, ಇದುನ್ನ ಒಡಿ ಮಗ ಅಂದೆ."

ಹುಡುಗಿ ಮೆಲ್ಲಗೆ ಹೇಳಿದಳು. "ಕುಂಬಳಕಾಯೇ ಕೊಟ್ಟಿದ್ರೆ ಆಗೋದು ಮೇಡಂ. ನಮ್ಮಜ್ಜಿ ಉಂಡೆಗಿಂತ ಅದೇ ಮೆತ್ತಗಿತ್ತು."

೩. ಲಾಡಿನಲ್ಲಿ ಲೋಹ

ದೀಪಾವಳಿ ಆದ ಬುಧವಾರ ನರಸೀಪುರದ ಕ್ಲಿನಿಕ್ಕಿಗೆ ಒಬ್ಬರು ಲೆಕ್ಚರರು ಬಂದರು. ನನ್ನ ಹಳೇ ಪೇಷಂಟು. ಕೈಯಲ್ಲಿ ಸಿಹಿಯಂಗಡಿಯ ಡಬ್ಬಿ, ಮುಖದಲ್ಲಿ ಯುದ್ಧ ಗೆದ್ದ ಕಳೆ.

"ಒಂದು ಸರ್ಟಿಫಿಕೇಟ್ ಬೇಕು ಮೇಡಂ. ಲಾಡಿನಲ್ಲಿದ್ದ ಲೋಹದ ತುಂಡಿನಿಂದ ಹಲ್ಲಿಗೆ ಏಟು ಬಿದ್ದಿದೆ ಅಂತ. ಗ್ರಾಹಕರ ಕೋರ್ಟಿಗೆ ಹೋಗೋನಿದ್ದೀನಿ."

ಆಗಿದ್ದಿಷ್ಟು. ಅಂಗಡಿಯ ಮುಂದೆ ನಿಂತು ಬೂಂದಿ ಲಾಡು ತಿನ್ನುತ್ತಿದ್ದರಂತೆ. ಕಲ್ಲುಸಕ್ಕರೆ ಸಿಕ್ಕಿತು, ಕಟಕ್ಕನೆ ಕಡಿದರು. ಕಲ್ಲುಸಕ್ಕರೆಯ ಹಿಂದೆಯೇ ಲೋಹ ಬಂತು. ಅಷ್ಟು ಸಾಕಾಯಿತು. ಆಹಾರ ಸುರಕ್ಷತೆಯ ಮೇಲೆ ಅಲ್ಲೇ ಬೀದಿಯಲ್ಲಿ ಒಂದು ಪಾಠ ಮಾಡಿದರು. ಜನ ಸೇರಿತು. ಪಟಾಕಿ ಕೊಳ್ಳಲು ಬಂದವರೂ ಪಟಾಕಿ ಬಿಟ್ಟು ಇದನ್ನೇ ನೋಡಿದರು. ಅಂಗಡಿಯವರು ಕೈ ಮುಗಿದು, ಬೇರೆ ಲಾಡು ತುಂಬಿದ ಡಬ್ಬಿ ಕೊಟ್ಟು ಕಳಿಸಿದರು.

"ಆ ತುಂಡು ಇದೆಯಾ ಸಾರ್?"

"ಸಾಕ್ಷಿ ಬಿಟ್ಟು ಬರ್ತೀನಾ?" ಅಂತ ಕರ್ಚೀಫಿನ ಮಡಿಕೆ ಬಿಚ್ಚಿದರು.

ನೋಡಿದ ಕೂಡಲೇ ಗೊತ್ತಾಯಿತು. ಬೆನ್ನಿನ ಮೇಲೆ ನನ್ನ ಅಂಟು ಇನ್ನೂ ಗಟ್ಟಿಯಾಗಿ ಕೂತಿತ್ತು.

"ಸಾರ್, ಇದು ಅಂಗಡಿಯದಲ್ಲ. ನಿಮ್ಮದೇ."

"ನನ್ನದು ಅಂದರೆ?"

"ನಿಮ್ಮ ಎಡಗಡೆ ಕೋರೆಹಲ್ಲಿನದು."

ಅವರ ನಾಲಿಗೆ ಕೆನ್ನೆಯೊಳಗೆ ಎಡಗಡೆಗೆ ಹೋದದ್ದು ಹೊರಗಿನಿಂದಲೇ ಕಂಡಿತು. ಅಲ್ಲಿ ಸ್ವಲ್ಪ ಹೊತ್ತು ಹುಡುಕಾಡಿತು. ಆಮೇಲೆ ಕೋರ್ಟಿನ ಮಾತು ನಿಂತು, "ಅಂಟಿಸಿಬಿಡಿ" ಅಂದರು. ಅಂಗಡಿಯವರಿಗೆ ನಿಜ ಹೇಳಿ ಬರುವವರೆಗೆ ಅಂಟಿಸುವುದಿಲ್ಲ ಅಂದೆ. ನನ್ನ ಅಂಟಿನ ಹೆಸರು ಕೆಟ್ಟಾಗ ಆಗುವ ಸಂಕಟ ನನಗೆ ಗೊತ್ತು, ಅಂಗಡಿಯವರಿಗೆ ತಮ್ಮ ಲಾಡಿನ ಹೆಸರೂ ಹಾಗೇ ಅಲ್ಲವೇ. ಒಲ್ಲದ ಮನಸ್ಸಿನಿಂದ ಡಬ್ಬಿ ಹಿಡಿದು ಹೊರಟರು. ಡಬ್ಬಿಯ ಲಾಡು ಆಗಲೇ ಅರ್ಧ ಖಾಲಿಯಾಗಿದ್ದ ಹಾಗೆ ಕಂಡಿತು.

ಮುಂದಿನ ಬುಧವಾರ ಆ ಅಂಗಡಿಯ ಗಾಜಿನ ಮೇಲೆ ಹೊಸ ಬೋರ್ಡು. "ಕ್ಲಿಪ್ಪು ಹಾಕಿರುವ ಗ್ರಾಹಕರು ಲಾಡು ತಿನ್ನುವ ಮೊದಲು ಒಂದು ಸಲ, ತಿಂದ ಮೇಲೆ ಒಂದು ಸಲ ಹಲ್ಲು ಎಣಿಸಿಕೊಳ್ಳತಕ್ಕದ್ದು."

೪. ಇಬ್ಬರಿಗೂ

ನಮ್ಮ ಬೀದಿಯ ಹುಡುಗಿ, ಸ್ಕೂಲಿನಲ್ಲಿ ಟೀಚರು. ಹಲ್ಲುಬ್ಬು ಅಂತ ಎರಡು ಸಂಬಂಧ ಬಂದ ದಾರಿಯಲ್ಲೇ ಹೋಗಿದ್ದವು. ಚಿನ್ನದಂಥ ಹುಡುಗಿಯನ್ನು ಹಲ್ಲು ನೋಡಿ ಬಿಟ್ಟು ಹೋಗುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ದನದ ಜಾತ್ರೆಯಲ್ಲಿ ಹಾಗೆ ನೋಡುತ್ತಾರೆ. ಆಕೆ ತಾನಾಗಿಯೇ ಬಂದು ಕ್ಲಿಪ್ಪು ಹಾಕಿಸಿಕೊಂಡಳು. ಅಷ್ಟರಲ್ಲಿ ಮೂರನೆಯ ಸಂಬಂಧ ಬಂತು. ಹುಡುಗ ನರಸೀಪುರದ ಕಡೆಯವನು, ಮನೆಯಲ್ಲಿ ಕಬ್ಬು ಬೆಳೆಯುತ್ತಾರೆ. ಫೋಟೋ ನೋಡಿ ಆಗಿತ್ತು, ಫೋನಿನಲ್ಲಿ ದಿನಾ ಮಾತು ನಡೆದಿತ್ತು. ವಿಡಿಯೋ ಕಾಲ್ ಅಂದರೆ ಮಾತ್ರ ಇಬ್ಬರಿಗೂ ನೆಟ್‌ವರ್ಕ್ ಸಿಗುತ್ತಿರಲಿಲ್ಲ.

ಧನುರ್ಮಾಸ ಕಳೆಯಲಿ ಅಂತ ಕಾದು, ಸಂಕ್ರಾಂತಿ ದಿನವೇ ಹೆಣ್ಣು ನೋಡುವ ಶಾಸ್ತ್ರ ಇಟ್ಟುಕೊಂಡರು. ಎಳ್ಳು ತೆಗೆದುಕೊಳ್ಳಲು ನನ್ನನ್ನೂ ಕರೆದಿದ್ದರು. ಅಡುಗೆಮನೆಯಲ್ಲಿ ಹುಡುಗಿ ನನ್ನ ಕೈ ಹಿಡಿದುಕೊಂಡಳು. "ಅವರಿಗೆ ಕ್ಲಿಪ್ಪಿನ ವಿಷಯ ಹೇಳಿಲ್ಲ ಮೇಡಂ. ಬಾಯಿ ಬಿಡಬೇಡ ಅಂದಿದ್ದಾರೆ ಅಮ್ಮ. ನೀವೂ ಹೇಳಬೇಡಿ. ಇದೂ ತಪ್ಪಿಹೋದರೆ ನಾನು ಇನ್ನೊಬ್ಬರ ಮುಂದೆ ಹೋಗಿ ಕೂರಲ್ಲ." ಕಣ್ಣು ಆಗಲೇ ತುಂಬಿತ್ತು. ಪೇಷಂಟಿನ ಗುಟ್ಟು ನನ್ನ ಬಾಯಿಂದ ಬರುವುದಿಲ್ಲ ಅಂತ ಮಾತು ಕೊಟ್ಟೆ.

ನಡುಮನೆಗೆ ಬಂದೆ. ಗಂಡಿನ ಕಡೆಯವರು ಒಳಗೆ ಬಂದರು. ತಾಯಿ, ತಂದೆ, ಪಂಚಾಂಗ ಹಿಡಿದ ಅಯ್ನೋರು, ಕಡೆಯಲ್ಲಿ ಹುಡುಗ. ನನ್ನನ್ನು ಕಂಡವನೇ ಹೊಸ್ತಿಲಲ್ಲಿ ನಿಂತುಬಿಟ್ಟ. ಬುಧವಾರದ ಪೇಷಂಟು. ಮೇಲೂ ಕೆಳಗೂ ಪೂರ್ತಿ ತಂತಿ. ಎಲ್ಲರೂ ಜಾಗ ನೋಡಿ ಕೂರುವಾಗ ನನ್ನ ಪಕ್ಕ ಬಂದು, ತುಟಿ ಅಲ್ಲಾಡಿಸದೆ, "ಹೇಳ್ಬೇಡಿ ಮೇಡಂ" ಅಂದ. ಈಗ ನನ್ನ ಹೊಟ್ಟೆಯಲ್ಲಿ ಎರಡು ಗುಟ್ಟು.

ಹುಡುಗಿ ಎಳ್ಳಿನ ತಟ್ಟೆ ತಂದಿಟ್ಟು ಕೂತಳು. ಎಳ್ಳು, ಬೆಲ್ಲ, ಕೊಬ್ಬರಿ, ಹುರಿಗಡಲೆ, ಅದರ ಮೇಲೆ ಸಕ್ಕರೆ ಅಚ್ಚು, ಪಕ್ಕದಲ್ಲಿ ಕಬ್ಬಿನ ತುಂಡು. ನಾನು ವರ್ಷವಿಡೀ ಬೇಡ ಬೇಡ ಅನ್ನುವುದೆಲ್ಲ ಒಂದೇ ತಟ್ಟೆಯಲ್ಲಿ. ಹುಡುಗನ ತಾಯಿ, "ಎಳ್ಳು ತಿಂದು ಒಳ್ಳೆ ಮಾತಾಡವ್ವ" ಅಂದರು. ಹುಡುಗಿ ತಿನ್ನಲೂ ಇಲ್ಲ, ಮಾತಾಡಲೂ ಇಲ್ಲ. ಹುಡುಗಿಯ ತಂದೆ ಆ ಕಡೆ, "ಕಬ್ಬು ಬೆಳೆಯೋರ ಮನೆಯವನು, ಒಂದು ತುಂಡು ಸಿಗಿದು ತಿನ್ನಪ್ಪ" ಅಂದರು. ಅವನು ಬಾಯಿ ಮುಚ್ಚಿಕೊಂಡೇ ತಲೆ ಅಡ್ಡ ಆಡಿಸಿದ.

ಹೆಣ್ಣು ನೋಡಲು ಬಂದ ಮನೆಯಲ್ಲಿ ಬಾಯಿ ಸಿಹಿ ಮಾಡಿಕೊಳ್ಳಲಿಲ್ಲ ಅಂದರೆ ಏನರ್ಥ ಅಂತ ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಹುಡುಗನ ತಾಯಿ ನನ್ನ ಕಿವಿಯ ಹತ್ತಿರ, "ಉಡುಗಿಗೆ ಇಷ್ಟ ಇಲ್ಲ ಅಂತ ಕಾಣ್ತದೆ, ಅಚ್ಚು ಮುಟ್ನಿಲ್ಲ" ಅಂದರು. ಹುಡುಗಿಯ ತಂದೆ ಎಳ್ಳಿನ ತಟ್ಟೆಯನ್ನು ತಮ್ಮ ಕಡೆಗೆ ಎಳೆದುಕೊಂಡರು. ಕೊನೆಗೆ ಹುಡುಗನ ತಾಯಿ ಸೆರಗು ಸರಿ ಮಾಡಿಕೊಂಡು ಎದ್ದು, "ನಾವಿನ್ನು ಬತ್ತೀವಿ" ಅಂದರು.

ಹುಡುಗಿ ತಲೆ ತಗ್ಗಿಸಿದಳು. ಹುಡುಗನ ಮುಖ ಬಾಡಿತು. ನನಗೆ ತಡೆಯಲಾಗಲಿಲ್ಲ. ಮೂಲೆಯಲ್ಲಿ ಮನೆಯ ಅಜ್ಜಿ ಎಲೆಅಡಿಕೆ ಕುಟ್ಟುವ ಕುಟ್ಟಾಣಿಯಲ್ಲಿ ಎಳ್ಳುಬೆಲ್ಲ ಹಾಕಿ ಪುಡಿ ಮಾಡಿಕೊಳ್ಳುತ್ತಿತ್ತು. ಅಜ್ಜಿಗೆ ಒಂದು ಹಲ್ಲೂ ಇಲ್ಲ.

"ಅಜ್ಜಿ, ಆ ಕುಟ್ಟಾಣಿ ಇತ್ತ ಕೊಡಿ," ಅಂದೆ. "ಇವರಿಬ್ಬರಿಗೂ ಪುಡಿ ಮಾಡಿಕೊಡೋಣ."

ಗುಟ್ಟು ಹೇಳಲಿಲ್ಲ ಅಂತಲೇ ಅಂದುಕೊಂಡಿದ್ದೆ. ಹುಡುಗಿ ತಟ್ಟನೆ ತಲೆ ಎತ್ತಿ, "ಇಬ್ಬರಿಗೂ?" ಅಂದಳು. ಅದೇ ಗಳಿಗೆಗೆ ಹುಡುಗನೂ "ಇಬ್ರಿಗೂ?" ಅಂದ. ಎರಡೂ ಬಾಯಿ ತೆರೆದಿದ್ದವು. ಕಿಟಕಿಯ ಬಿಸಿಲು ಎರಡರ ಮೇಲೂ ಬಿದ್ದು ನಡುಮನೆಯೆಲ್ಲ ಮಿಂಚಿತು.

"ಶಿವನೇ, ಇಬ್ರು ಬಾಯ್ಗೂ ತಂತಿಬೇಲಿ ಆಕವ್ರೆ," ಅಂದಿತು ಅಜ್ಜಿ. "ಯಾರವ್ವ ಆಕ್ದೋರು?"

ಇಬ್ಬರೂ ನನ್ನ ಕಡೆ ಬೆರಳು ತೋರಿಸಿದರು. ಆಮೇಲೆ ಒಬ್ಬರನ್ನೊಬ್ಬರು ನೋಡಿ ನಕ್ಕರು. ಆ ಹುಡುಗಿ ಬಾಯಿಗೆ ಕೈ ಅಡ್ಡ ಇಡದೆ ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು. ನನಗೆ ಎಷ್ಟು ಖುಷಿಯಾಯಿತು ಅಂದರೆ ಒಂದು ಸಕ್ಕರೆ ಅಚ್ಚು ಬಾಯಿಗೆ ಹಾಕಿಕೊಂಡು ಕಟಕಟ ಕಡಿದೆ.

ಕುಟ್ಟಾಣಿಯ ಪುಡಿಯನ್ನೇ ಹಂಚಿಕೊಂಡು ಇಬ್ಬರೂ ಬಾಯಿ ಸಿಹಿ ಮಾಡಿಕೊಂಡರು. ಹುಡುಗನ ತಾಯಿ ಮತ್ತೆ ಕೂತರು. ಅಯ್ನೋರು ಕನ್ನಡಕ ಏರಿಸಿ ಪಂಚಾಂಗ ಬಿಚ್ಚಿದರೆ ಆಕೆ ತಡೆದರು. "ಅದು ಆಮ್ಯಾಕೆ ನೋಡಿವ್ರಂತೆ ಇರಿ. ಮದ್ವೆ ಫೋಟೋ ಚೆಂದಾಗಿ ಬರ್ಬೇಕು. ಈ ಕ್ಲಿಪ್ಪು ಯಾವಾಗ ಬಿಚ್ತಾರೋ ಡಾಕ್ಟ್ರಮ್ಮೋರು ಹೇಳ್ಲಿ, ಆ ಮುಂದಿನ ಮುಹೂರ್ತವೇ ಇಡಣ."

ಇಬ್ಬರ ಬಾಯನ್ನೂ ಒಂದು ಸಲ ನೋಡಿ, "ಎಂಟು ತಿಂಗಳು ಸಾಕು," ಅಂದೆ. "ಆದರೆ ಮಧ್ಯೆ ಹಬ್ಬ ಬರಬಾರದು."

ಅಯ್ನೋರು ಪುಟ ಮುಂದಕ್ಕೆ ತಿರುವಿದರು, ಹಿಂದಕ್ಕೆ ತಿರುವಿದರು, ಬೆರಳು ಮಡಿಚಿ ಏನೋ ಗುಣಿಸಿದರು. ಕಡೆಗೆ ಪಂಚಾಂಗ ಮುಚ್ಚಿ ಕಂಕುಳಲ್ಲಿ ಇಟ್ಟುಕೊಂಡರು.

"ಕ್ಲಿಪ್ಪು ಇರೋ ಹಾಗೇ ತಾಳಿ ಕಟ್ಟಿಸಿಬಿಡಿ ತಾಯಿ. ಗುರುಬಲ ಇಲ್ಲ ಅಂದರೆ ಶಾಂತಿ ಮಾಡಿಸಬಹುದು. ಎಂಟು ತಿಂಗಳು ಹಬ್ಬವೇ ಇಲ್ಲದ ಪಂಚಾಂಗ ಮಾತ್ರ ನಮ್ಮ ಕಡೆ ಇನ್ನೂ ಅಚ್ಚಾಗಿಲ್ಲ."